ತಾಯಿಯ ಸಾಲಿನಲ್ಲಿ ಒಂದು ಸಹಿ

ಬುಧವಾರ ಮಧ್ಯಾಹ್ನದ ಹೊತ್ತಿಗೆ ಬೆರ್ಮೆತ್‌ಳ ನೀಲಿ ಕಡತದಲ್ಲಿ ಹತ್ತೊಂಬತ್ತು ಒಪ್ಪಿಗೆ ಪತ್ರಗಳಿದ್ದವು. ಬೇಕಾಗಿದ್ದದ್ದು ಇಪ್ಪತ್ತು. ಇಪ್ಪತ್ತಕ್ಕೆ ಹತ್ತೊಂಬತ್ತು ಬಂದರೆ ಯಾವ ಪರೀಕ್ಷೆಯಲ್ಲಾದರೂ ಬೆನ್ನು ತಟ್ಟುತ್ತಾರೆ. ಆದರೆ ಈ ಶಾಲೆಯ ಉಪಮುಖ್ಯೋಪಾಧ್ಯಾಯಿನಿ ಕಲೀಚಾ ಎಜೆಗೆ, ಅಂದರೆ ಕಲೀಚಾ ಅಕ್ಕನಿಗೆ, ಹತ್ತೊಂಬತ್ತೂ ಒಂದೇ, ಸೊನ್ನೆಯೂ ಒಂದೇ.

"ಎಂಟನೇ ಕ್ಲಾಸಲ್ಲಿ ಇಪ್ಪತ್ತು ಹುಡುಗೀರು. ಇಪ್ಪತ್ತು ಸಹಿ ತಗೊಂಡು ಬಾ," ಎಂದು ಆಕೆ ಸೋಮವಾರವೇ ಹೇಳಿಬಿಟ್ಟಿದ್ದಳು. "ಒಂದು ಕಮ್ಮಿ ಆದ್ರೂ ಶುಕ್ರವಾರದ ಪಾಠ ಇಲ್ಲ. ಹತ್ತೊಂಬತ್ತು ಜನ ಒಳಗೆ ಕೂತು ಒಬ್ಬಳು ಹೊರಗೆ ನಿಂತ್ರೆ, ಒಳಗೆ ಏನು ನಡೀತು ಅಂತ ಊರಿಗೆಲ್ಲ ಹೇಳೋಳು ಆ ಹೊರಗೆ ನಿಂತೋಳೇ. ನೋಡದೆ ಇದ್ದೋರು ಹೇಳೋ ಕಥೆಗೇ ಬಣ್ಣ ಜಾಸ್ತಿ, ತಂಗಿ."

ಆಕೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಊರ ಬಾಯಿಗೆ ಮುಚ್ಚಳ ಹಾಕಿದವರು ಯಾರಿದ್ದಾರೆ?

ಬೆರ್ಮೆತ್ ಇಪ್ಪತ್ತು ವರ್ಷದವಳು, ರಾಜಧಾನಿ ಬಿಷ್ಕೆಕ್‌ನಲ್ಲಿ ಸಮಾಜಕಾರ್ಯ ಓದುತ್ತಿದ್ದವಳು. ಹದಿಹರೆಯದ ಮಕ್ಕಳಿಗೆ ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಮಗು ಹೇಗೆ ಹುಟ್ಟುತ್ತದೆ ಎನ್ನುವುದರ ಬಗ್ಗೆ, ಬೇಡದವರು ಮೈಮುಟ್ಟಿದರೆ ಹೇಗೆ ಬೇಡ ಎನ್ನಬೇಕು ಎನ್ನುವುದರ ಬಗ್ಗೆ ಪಾಠ ಮಾಡುವ ಒಂದು ಸಣ್ಣ ಸಂಸ್ಥೆ ನಾರಿನ್ ಪಟ್ಟಣದಲ್ಲಿತ್ತು. ಅಲ್ಲಿಗೆ ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಅವಳಿಗೆ ಸಿಕ್ಕಿದ್ದು ಇದೊಂದೇ ಹಳ್ಳಿ, ಇದೊಂದೇ ಶಾಲೆ. ಇಲ್ಲಿ ಪಾಠ ನಡೆದರೆ ಇಂಟರ್ನ್‌ಶಿಪ್ ಪಾಸು. ನಡೆಯದಿದ್ದರೆ ಬರಿಗೈಯಲ್ಲಿ ವಾಪಸು, ಮತ್ತು ಈ ಶಾಲೆಯ ಬಾಗಿಲು ಸಂಸ್ಥೆಗೆ ಇನ್ನೆಷ್ಟು ವರ್ಷ ಮುಚ್ಚುತ್ತದೋ ಯಾರಿಗೂ ಗೊತ್ತಿಲ್ಲ.

ಇಷ್ಟು ಸಾಲದೆಂಬಂತೆ ಬೆರ್ಮೆತ್ ಹುಟ್ಟು ಪುಕ್ಕಲಿ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಪಾಠದ ಮಾತುಗಳನ್ನು ಕನ್ನಡಿಯ ಮುಂದೆ ರಷ್ಯನ್ ಭಾಷೆಯಲ್ಲಿ ನೀರು ಕುಡಿದಂತೆ ಹೇಳುತ್ತಿದ್ದಳು. ಅದನ್ನೇ ಮನೆಮಾತಿನಲ್ಲಿ ಹೇಳಹೊರಟರೆ ಕನ್ನಡಿಯೊಳಗಿನ ಮುಖ ಬೀಟ್‌ರೂಟ್ ಆಗುತ್ತಿತ್ತು. ಇಂಥವಳನ್ನು ಇಂಥ ಕೆಲಸಕ್ಕೆ ಆರಿಸಿದವರಿಗೆ ದೊಡ್ಡ ನಮಸ್ಕಾರ.

ಇಪ್ಪತ್ತನೆಯ ಸಹಿ ಸೆಜಿಮ್ ಎಂಬ ಹುಡುಗಿಯ ಮನೆಯಿಂದ ಬರಬೇಕಿತ್ತು. ಊರಿನ ಕೊನೆಯಲ್ಲಿ, ಹೊಳೆಯ ಪಕ್ಕದ ಮನೆ. ಏಪ್ರಿಲ್ ತಿಂಗಳು, ಹಿಮ ಕರಗಿ ದಾರಿಯೆಲ್ಲ ಕೆಸರು. ಹೊಸಿಲು ದಾಟುವ ಹೊತ್ತಿಗೆ ಬೆರ್ಮೆತ್‌ಳ ಬೂಟು ಒಂದೊಂದು ಕಿಲೋ ತೂಗುತ್ತಿತ್ತು. ಒಲೆಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಎರಡು ದಿನದ ಕುರಿಮರಿಯೊಂದು ಮಲಗಿತ್ತು. ಎದುರಿಗೆ, ಬಾಗಿಲಿಗೆ ಮುಖ ಮಾಡಿದ ಹಿರಿಯರ ಜಾಗದಲ್ಲಿ, ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು ಮನೆಯೊಡತಿ ಸುರಾಕಾನ್ ಕೂತಿದ್ದಳು; ಅಮ್ಮ ಎನ್ನುವ ಅರ್ಥದಲ್ಲಿ ಊರೆಲ್ಲ ಅವಳನ್ನು ಅಪಾ ಎನ್ನುತ್ತಿತ್ತು.

"ಕೂತ್ಕೋ. ಮೊದ್ಲು ರೊಟ್ಟಿ ಮುರಿ, ಆಮೇಲೆ ಬಾಯಿ ಬಿಡು," ಎಂದಳು ಅಪಾ. "ಯಾವ ಸೀಮೆಯೋಳು ನೀನು?"

"ತಲಾಸ್ ಕಡೆ, ಅಪಾ. ಅಪ್ಪನ ಊರು."

"ಓ, ಬೀನ್ಸ್ ಕಾಳಿನ ಸೀಮೆ. ಅದಕ್ಕೇ ಇಷ್ಟು ಸಣಕಲು."

ಚಹಾ ಬಗ್ಗಿಸುತ್ತಿದ್ದ ಸೊಸೆ ಜಾರ್ಕಿನ್ ತಲೆ ಎತ್ತದೆ ನಕ್ಕಳು. ಮೂವತ್ತೆರಡರ ಸುಮಾರಿನ ಹೆಂಗಸು. ಗಂಡ ಮಾಸ್ಕೋದಲ್ಲಿ ಲಾರಿ ಓಡಿಸುತ್ತಾನೆ ಎಂದು ಕಲೀಚಾ ಎಜೆ ಹೇಳಿದ್ದಳು. ಹದಿನಾಲ್ಕರ ಸೆಜಿಮ್ ಗೋಡೆಗೊರಗಿ ಕೂತು ಉಗುರು ಕಚ್ಚುತ್ತಿದ್ದಳು. ಜಾರ್ಕಿನ್ ಬಟ್ಟಲು ಚಾಚಿದಾಗ, "ನಂಗೆ ಬೇಡ, ಜೆಂಗೆ," ಎಂದಳು. ಜೆಂಗೆ, ಅಂದರೆ ಅತ್ತಿಗೆ. ಸರಿ, ಅಣ್ಣನ ಹೆಂಡತಿ ಎಂದು ಬೆರ್ಮೆತ್ ಮನಸ್ಸಿನಲ್ಲಿ ಬರೆದುಕೊಂಡಳು.

ಒಪ್ಪಿಗೆ ಪತ್ರವನ್ನು ಅಪಾ ಮುಟ್ಟಲೂ ಇಲ್ಲ.

"ಇದೆಲ್ಲ ಕಾಗದದ ಮೇಲೆ ಹಾಕೋ ವಿಷಯಾನಾ? ಹುಡುಗಿಗೆ ಇಂಥದ್ದನ್ನ ತಾಯಿ ಹೇಳಲ್ಲ, ಟೀಚರೂ ಹೇಳಲ್ಲ. ಜೆಂಗೆ ಹೇಳ್ತಾಳೆ. ನಗ್ತಾ, ತಮಾಷೆ ಮಾಡ್ತಾ, ಹಾಲು ಕರೀತಾ ಹೇಳ್ತಾಳೆ. ಜೆಂಗೆ ಅಂತ ಒಬ್ಬಳನ್ನ ಮನೆಗೆ ತರೋದೇ ಅದಕ್ಕೆ. ನನಗೆ ನನ್ನ ಜೆಂಗೆ ಹೇಳಿದ್ಲು. ಯಾರ ಸಹೀನೂ ಬೇಕಾಗಿರ್ಲಿಲ್ಲ."

ಕೊನೆಗೂ ಕಾಲೂರಲು ಜಾಗ ಸಿಕ್ಕಿತೆಂದು ಬೆರ್ಮೆತ್‌ಗೆ ಖುಷಿಯಾಯಿತು. "ಹಾಗಾದ್ರೆ ಒಳ್ಳೇದೇ ಆಯ್ತಲ್ಲ, ಅಪಾ. ಸೆಜಿಮ್‌ಗೆ ಜೆಂಗೆ ಇದ್ದಾರಲ್ಲ. ಅವರು ಹೇಳಿದ್ದಾರಾ?"

ಕುರಿಮರಿ ಒಮ್ಮೆ ಕೆಮ್ಮಿತು. ಸೆಜಿಮ್ ಉಗುರು ಕಚ್ಚುವುದನ್ನು ನಿಲ್ಲಿಸಿ ನೆಲ ನೋಡಿದಳು. ಜಾರ್ಕಿನ್‌ಳ ಕೈಯಲ್ಲಿದ್ದ ಕೆಟಲ್ ಬಗ್ಗಿದ್ದು ಬಗ್ಗಿದಂತೆಯೇ ಉಳಿಯಿತು. ಬೆರ್ಮೆತ್‌ಳ ಬಟ್ಟಲು ಅಂಚಿನವರೆಗೂ ತುಂಬಿತು. ಅರ್ಧ ಬಟ್ಟಲು ಎಂದರೆ ಇನ್ನೂ ಕೂತಿರು, ತುಂಬಿದ ಬಟ್ಟಲು ಎಂದರೆ ಎದ್ದು ಹೊರಡು. ಅಷ್ಟು ತಿಳಿಯದವಳೇನಲ್ಲ ಬೆರ್ಮೆತ್. ತಾನು ಏನೋ ತುಳಿಯಬಾರದ್ದನ್ನು ತುಳಿದೆ ಎಂದು ಗೊತ್ತಾಯಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ.

"ಚಹಾ ಕುಡಿದು ಹೊರಡು ಮಗಳೇ, ವ್ಯಾನು ತಪ್ಪೀತು," ಎಂದಳು ಅಪಾ. ಪತ್ರವನ್ನು ಎರಡೇ ಬೆರಳಲ್ಲಿ ಎತ್ತಿ ಒಲೆಯ ಮುಂದಿನ ಪುರಳೆ ರಾಶಿಯ ಮೇಲೆ ಹಾಕಿದಳು. "ಇದು ನಾಳೆ ಒಲೆ ಹೊತ್ತಿಸೋಕೆ ಆಗುತ್ತೆ."

ವ್ಯಾನು ನಿಲ್ಲುವ ಜಾಗದಿಂದ ಬೆರ್ಮೆತ್ ಸಂಸ್ಥೆಯ ಬುರುಲ್ ಎಜೆಗೆ ಫೋನು ಮಾಡಿದಳು. ಬುರುಲ್ ಎಜೆ ಒಳ್ಳೆಯವಳು, ಆದರೆ ಅವಳ ಒಳ್ಳೆಯತನಕ್ಕೆ ಸದಾ ಪುರುಸೊತ್ತಿಲ್ಲ.

"ಒಂದು ಬಾಕಿ ಇದೆ, ಎಜೆ. ತಾಯಿ ಒಪ್ಪಲ್ಲ ಅಂತಾರೆ."

"ಒಪ್ಪಿಸು. ಶುಕ್ರವಾರ ನಾನು ಇನ್ನೊಂದು ಶಾಲೇಲಿ ಇರ್ತೀನಿ, ಅಲ್ಲಿಗೆ ಬರಲ್ಲ. ಇದು ನಿನ್ನ ಶಾಲೆ. ಹೋದ ಸಲ ಬಂದ ಹುಡುಗಿ ಎರಡೇ ವಾರಕ್ಕೆ ಅಳ್ತಾ ಬಿಷ್ಕೆಕ್ ವ್ಯಾನು ಹತ್ತಿದ್ಲು. ನೀನಾದ್ರೂ ನನ್ನ ಮಾನ ಉಳಿಸು."

ಫೋನು ಇಟ್ಟ ಮೇಲೆ ಬೆರ್ಮೆತ್‌ಗೆ ಅಳು ಬಂತು. ಮಾನ ಉಳಿಸು ಎಂದ ಮೇಲೆ ಅಳುವ ಹಾಗೂ ಇಲ್ಲ. ಆಗಲೇ ಕೆಸರಿನಲ್ಲಿ ರಬ್ಬರ್ ಬೂಟು ಪಚಪಚ ಎನ್ನುವ ಸದ್ದು ಕೇಳಿತು. ಜಾರ್ಕಿನ್ ಓಡಿ ಬರುತ್ತಿದ್ದಳು. ತಲೆವಸ್ತ್ರ ಕತ್ತಿಗೆ ಜಾರಿತ್ತು. ಕೈಯಲ್ಲಿ ಒಪ್ಪಿಗೆ ಪತ್ರ, ಅದರ ಒಂದು ಮೂಲೆ ಕಪ್ಪಗೆ ಸುಟ್ಟಿತ್ತು.

"ಪೆನ್ ಕೊಡಿ," ಎಂದಳು ಏದುಸಿರಿನಲ್ಲಿ. "ಬೇಗ. ಹಸುವಿಗೆ ನೀರು ಇಡ್ತೀನಿ ಅಂತ ಹೇಳಿ ಬಂದಿದ್ದೀನಿ."

"ನೀವು ಸಹಿ ಹಾಕೋ ಹಾಗಿಲ್ಲ, ಎಜೆ. ತಾಯಿ ಹಾಕ್ಬೇಕು. ನೀವು ಅವಳ ಜೆಂಗೆ ಅಲ್ವಾ?"

"ಹೆತ್ತಿದ್ದು ನಾನು."

ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯ ಮೊದಲ ಮೊಮ್ಮಗು ಅಜ್ಜಿಯ ಮಡಿಲಿಗೆ ಹೋಗುವುದು, ಅಜ್ಜಿಯನ್ನೇ ಅಮ್ಮ ಎಂದು ಕರೆಯುತ್ತ, ಹೆತ್ತವಳನ್ನು ಜೆಂಗೆ ಎನ್ನುತ್ತ ಬೆಳೆಯುವುದು ಬೆರ್ಮೆತ್ ಕಾಣದ ಸಂಗತಿಯಲ್ಲ. ಅವಳ ದೊಡ್ಡಪ್ಪನ ಮನೆಯಲ್ಲೇ ಅಂಥವನೊಬ್ಬನಿದ್ದ. ಒಳಗೆ ತಾನು ಕೇಳಿದ ಪ್ರಶ್ನೆ ನೆನಪಾಗಿ ಅವಳ ಕಿವಿ ಬಿಸಿಯಾಯಿತು.

"ಹದಿನೇಳಕ್ಕೆ ಈ ಮನೆಗೆ ಬಂದೆ," ಎಂದಳು ಜಾರ್ಕಿನ್. "ಹೊಟ್ಟೆ ಇಷ್ಟು ದೊಡ್ಡದಾದಾಗ್ಲೂ ಮಗು ಎಲ್ಲಿಂದ ಹೊರಗೆ ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಹೊಕ್ಕುಳು ಬಿಚ್ಚಿಕೊಳ್ಳುತ್ತೆ ಅನ್ಕೊಂಡಿದ್ದೆ. ನಗಬೇಡಿ."

"ನಗ್ತಿಲ್ಲ, ಎಜೆ."

"ನೋವು ಶುರುವಾದಾಗ ಹೊಕ್ಕುಳ ಮೇಲೆ ಕೈ ಇಟ್ಕೊಂಡು ಕೂತಿದ್ದೆ, ಹರಿದು ಹೋಗುತ್ತೆ ಅಂತ ಹೆದರಿ. ನಲವತ್ತನೇ ದಿನಕ್ಕೆ ಮಗು ಅತ್ತೆ ಹಾಸಿಗೆಗೆ ಹೋಯ್ತು. ಆಮೇಲೆ ಎರಡು ಗಂಡು ಹುಟ್ಟಿದ್ವು, ಅವು ನನ್ನನ್ನ ಅಮ್ಮ ಅಂತಾವೆ. ಇವಳು ಜೆಂಗೆ ಅಂತಾಳೆ." ಅವಳು ಬೂಟಿನ ಕೆಸರನ್ನು ಕಲ್ಲಿಗೆ ಒರೆಸಿದಳು. "ಈಗ ಇವಳಿಗೆ ಹದಿನಾಲ್ಕು. ಜೆಂಗೆಯಾಗಿ ಹೇಳೋಣ ಅಂತ ಎಷ್ಟೋ ಸಲ ಹೋದೆ. ಜೆಂಗೆ ಥರ ನಗ್ತಾ ಹೇಳೋಕೆ ಹೋದ್ರೆ ತಾಯಿ ಕರುಳು ನಾಲಿಗೆ ಕಟ್ಟುತ್ತೆ. ತಾಯಿ ಥರ ಹೇಳೋಕೆ ನಂಗೆ ಆ ಮನೇಲಿ ಜಾಗ ಇಲ್ಲ. ನೀವಾದ್ರೂ ಹೇಳಿ. ನನ್ನ ಹಾಗೆ ಅವಳು ಕೂತ್ಕೋಬಾರದು."

ಪತ್ರದಲ್ಲಿ ಮೂರು ಸಾಲುಗಳಿದ್ದವು: ತಾಯಿ, ತಂದೆ, ಪೋಷಕರು. ಅದನ್ನು ಬಿಷ್ಕೆಕ್‌ನಲ್ಲಿ ಯಾರೋ ಕಂಪ್ಯೂಟರ್ ಮುಂದೆ ಕೂತು ತಯಾರಿಸಿದ್ದರು. ಒಂದು ಮನೆಯಲ್ಲಿ ತಾಯಿ ಇಬ್ಬರಿರಬಹುದು ಎಂಬುದು ಅವರಿಗೂ ಗೊತ್ತಿದ್ದೀತು, ಆದರೆ ಫಾರಂ ಮಾಡುವ ಹೊತ್ತಿಗೆ ಎಲ್ಲರೂ ಮರೆತುಬಿಡುತ್ತಾರೆ. ಬೆರ್ಮೆತ್ ಕಡತವನ್ನು ಹಲಗೆಯಂತೆ ಹಿಡಿದಳು. ಜಾರ್ಕಿನ್ ಮೊದಲ ಸಾಲಿನಲ್ಲಿ ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು. ಬರೆದು ಮುಗಿಸಿ, ಇನ್ನೂ ಏನೋ ಬಾಕಿಯಿದೆ ಎಂಬಂತೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಇದನ್ನ ಯಾರೂ ಓದಲ್ಲ ತಾನೆ?"

"ಇಲ್ಲ, ಎಜೆ. ಕಡತದಲ್ಲಿ ಇರುತ್ತೆ ಅಷ್ಟೆ."

ಈ ಮಾತು ಹೇಳುವಾಗ ಬೆರ್ಮೆತ್‌ಗೆ ಅದು ನಿಜವೇ ಎಂದು ಯೋಚಿಸಲು ವ್ಯವಧಾನವಿರಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಇಪ್ಪತ್ತು ಎಂಬ ಒಂದೇ ಸಂಖ್ಯೆ. ಕಾಗದ ಕೇಳುವುದು ತಾಯಿಯ ಸಹಿ, ಹಾಕಿದವಳು ತಾಯಿ. ಇದರಲ್ಲಿ ಮೋಸವೆಲ್ಲಿ ಬಂತು ಎಂದು ತನಗೆ ತಾನೇ ಹೇಳಿಕೊಂಡಳು. ನಾರಿನ್ ತಲುಪುವಷ್ಟರಲ್ಲಿ ಅದನ್ನೇ ನಲವತ್ತು ಸಲ ಹೇಳಿಕೊಂಡಿದ್ದಳು. ನಿಜವಾಗಿ ಸರಿಯಿದ್ದ ಮಾತನ್ನು ಯಾರೂ ಅಷ್ಟು ಸಲ ಹೇಳಿಕೊಳ್ಳುವುದಿಲ್ಲ.

ಗುರುವಾರ ಕಲೀಚಾ ಎಜೆ ಪತ್ರಗಳನ್ನು ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸಿದಳು. ಓದಲಿಲ್ಲ. ಸುಟ್ಟ ಮೂಲೆಯ ಹತ್ತಿರ ಬಂದಾಗ ಮಾತ್ರ, "ಇದೇನು, ಒಲೆಯಿಂದ ಎಳೆದು ತಂದಿದ್ದೀಯಾ?" ಎಂದು ಕೇಳಿದಳು. ಬೆರ್ಮೆತ್ ನಕ್ಕಳು. ಆ ನಗು ಅವಳಿಗೇ ಅಸಹ್ಯವೆನಿಸಿತು.

ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಲೀಚಾ ಎಜೆ ಮರ್ಯಾದಸ್ಥಳು, ಕೆಲಸವಾದರೆ ನಾಲ್ಕು ಜನರೆದುರು ಕೃತಜ್ಞತೆ ಹೇಳುವವಳು. ಮಧ್ಯಾಹ್ನ ಎಂಟನೇ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ಬೆರ್ಮೆತ್‌ಳನ್ನೂ ಸೇರಿಸಿ ಬರೆದಳು: "ಪ್ರಿಯ ಪೋಷಕರೇ, ಇಪ್ಪತ್ತಕ್ಕೆ ಇಪ್ಪತ್ತು ಮನೆಯವರೂ ಸಹಿ ಮಾಡಿ ಸಹಕರಿಸಿದ್ದೀರಿ. ನಾಳೆ ಹತ್ತು ಗಂಟೆಗೆ ಪಾಠ. ಎಲ್ಲರಿಗೂ ಧನ್ಯವಾದ."

ಹೆಬ್ಬೆರಳುಗಳು ಬಂದವು, ಹೂಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಸಂಜೆ ಐದಕ್ಕೆ, ಬೆರ್ಮೆತ್ ತನ್ನ ಬಾಡಿಗೆ ಕೋಣೆಯಲ್ಲಿ ನೂಡಲ್ಸ್ ಬೇಯಿಸುತ್ತಿದ್ದಾಗ, ಅದೇ ಗುಂಪಿಗೆ ಹನ್ನೊಂದು ಸೆಕೆಂಡಿನ ಒಂದು ಧ್ವನಿ ಸಂದೇಶ ಬಂತು. ಓದಲು ಕಣ್ಣು ಸಾಲದ ಅಜ್ಜಿಯಂದಿರು ಕಳಿಸುವುದು ಅದನ್ನೇ.

"ಕಲೀಚಾ, ನಾನು ಸುರಾಕಾನ್. ಇಪ್ಪತ್ತು ಮನೆ ಅಂದ್ಯಲ್ಲ, ನಾನು ಯಾವಾಗ ಸಹಿ ಹಾಕಿದೆ? ನಾಳೆ ಬರ್ತೀನಿ. ಆ ಕಾಗದ ತೆಗೆದಿಡು."

ನೂಡಲ್ಸ್ ಒಲೆಯ ಮೇಲೆಯೇ ಅಂಟಾಯಿತು. ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಹಿ ಯಾರದೆಂದು ಹೇಳಿದರೆ ಜಾರ್ಕಿನ್ ಆ ಮನೆಯಲ್ಲಿ ಹೇಗೆ ಬಾಳುತ್ತಾಳೆ? ಅತ್ತೆಯ ಬೆನ್ನ ಹಿಂದೆ ಓಡಿಬಂದು, ಅತ್ತೆಯ ಜಾಗದಲ್ಲಿ ತನ್ನ ಹೆಸರು ಬರೆದವಳು. ಅದಕ್ಕಿಂತ ಹೆಚ್ಚಾಗಿ ಸೆಜಿಮ್‌ಗೆ ಗೊತ್ತಾದರೆ? ಗೊತ್ತಿದೆಯೋ ಇಲ್ಲವೋ, ಅದನ್ನು ಯಾರೂ ಅವಳೆದುರು ಬಾಯಿ ಬಿಟ್ಟು ಹೇಳಿಲ್ಲವಲ್ಲ. ಹದಿನಾಲ್ಕು ವರ್ಷ ಯಾರೂ ಹೇಳದ ಮಾತು ಒಂದು ಇಂಟರ್ನ್‌ಶಿಪ್ಪಿನ ಫಾರಂನಿಂದ ಶಾಲೆಯ ಪಡಸಾಲೆಯಲ್ಲಿ ಹೊರಬೀಳುವುದೇ? ಯಾರೂ ಓದಲ್ಲ ಎಂದು ಮಾತು ಕೊಟ್ಟವಳು ತಾನು. ಎದೆಯೊಳಗೆ ಯಾರೋ ಒಂದೇ ಸಮನೆ ಬಾಗಿಲು ಬಡಿಯುತ್ತಿದ್ದಂತಿತ್ತು.

ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಬೆಳಗ್ಗೆ ಏಳಕ್ಕೆ ಬಿಷ್ಕೆಕ್‌ಗೆ ವ್ಯಾನಿದೆ. ಹೋದ ಸಲ ಬಂದ ಹುಡುಗಿಯೂ ಅದನ್ನೇ ಹತ್ತಿರಬೇಕು. ಬೆಳಗ್ಗೆ ನಿಲ್ದಾಣದಲ್ಲಿ ಎರಡು ವ್ಯಾನುಗಳು ಅಕ್ಕಪಕ್ಕ ನಿಂತಿದ್ದವು. ಬಿಷ್ಕೆಕ್‌ನದು ತುಂಬಲು ಇನ್ನೂ ಇಬ್ಬರು ಬೇಕಿತ್ತು, ಚಾಲಕ ಕರೆದ. ಬೆರ್ಮೆತ್ ಚೀಲ ಹೊತ್ತುಕೊಂಡೇ ಹಳ್ಳಿಯ ವ್ಯಾನು ಹತ್ತಿದಳು. ಧೈರ್ಯ ಬಂದು ಹತ್ತಿದ್ದಲ್ಲ. ಓಡಿಹೋದ ಮೇಲೆ ದಿನವೂ ಪಡಬೇಕಾದ ಭಯ ಇದಕ್ಕಿಂತ ದೊಡ್ಡದು ಎನಿಸಿ ಹತ್ತಿದ್ದು.

ಹತ್ತು ಗಂಟೆಗೆ ಇಪ್ಪತ್ತು ಹುಡುಗಿಯರು ತರಗತಿಯಲ್ಲಿ ಕೂತಿದ್ದರು. ಕಿಟಕಿಯ ಬಳಿಯ ಬೆಂಚಿನಲ್ಲಿ ಸೆಜಿಮ್. ಗಂಡುಹುಡುಗರನ್ನು ವಾಲಿಬಾಲ್‌ಗೆ ಅಟ್ಟಲಾಗಿತ್ತು. ಬೆರ್ಮೆತ್ ಹಲಗೆಯ ಮೇಲೆ ಇನ್ನೂ ಏನೂ ಬರೆದಿರಲಿಲ್ಲ. ಪಡಸಾಲೆಯಲ್ಲಿ ಹೆಜ್ಜೆ ಸದ್ದಾಯಿತು. ಬಿಳಿ ತಲೆವಸ್ತ್ರ, ಮಖಮಲ್ಲಿನ ತೋಳಿಲ್ಲದ ಕೋಟು. ಮದುವೆಗೆ ಹೊರಟವಳಂತೆ ಸಿಂಗರಿಸಿಕೊಂಡು ಸುರಾಕಾನ್ ಅಪಾ ಬಂದಳು. ಎರಡು ಹೆಜ್ಜೆ ಹಿಂದೆ ಅವಳ ಚೀಲ ಹಿಡಿದುಕೊಂಡು ಜಾರ್ಕಿನ್.

ಬೆರ್ಮೆತ್ ಬಾಗಿಲಿಗೆ ಹೋದಳು. ಹುಡುಗಿಯರ ಕತ್ತುಗಳೆಲ್ಲ ಅತ್ತಲೇ ತಿರುಗಿದವು. ಬಾಗಿಲು ಮುಚ್ಚಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಪಡಸಾಲೆಗೆ ಬಂದಿದ್ದ ಕಲೀಚಾ ಎಜೆ ಕಡತ ತೆರೆದು ಸುಟ್ಟ ಮೂಲೆಯ ಪತ್ರ ಎಳೆದಳು. ಈ ಸಲ ಓದಿದಳು. ಅವಳ ಹುಬ್ಬು ಮೇಲೇರಿತು. ಊರಿನಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಯಾವುದು ಗೊತ್ತಿಲ್ಲ? ಆದರೆ ಶಾಲೆಯ ದಾಖಲೆಯೇ ಬೇರೆ.

"ರಿಜಿಸ್ಟರಿನಲ್ಲಿ ಸೆಜಿಮ್‌ಳ ತಾಯಿ ಅಂತ ಸುರಾಕಾನ್ ಅಪಾ ಹೆಸರಿದೆ," ಎಂದಳು, ಮಾತನ್ನು ಅಳೆದು ಸುರಿದು. "ಇಲ್ಲಿ ಬೇರೆ ಸಹಿ ಇದೆ. ಯಾರದಿದು, ಬೆರ್ಮೆತ್?"

"ನಾನೇ ಹಾಕಿದೆ," ಎಂದುಬಿಟ್ಟಳು ಬೆರ್ಮೆತ್.

ಬಾಯಿಂದ ಬಿದ್ದ ಮೇಲೆ ಅದು ಎಷ್ಟು ದೊಡ್ಡ ಮಾತೆಂದು ಗೊತ್ತಾಯಿತು. ಆದರೂ ಮುಂದುವರಿಸಿದಳು. "ಒಂದು ಕಮ್ಮಿ ಇತ್ತು. ಬಾಯಿಗೆ ಬಂದ ಹೆಸರು ಬರೆದೆ. ಈ ಮನೆಯೋರು ಯಾರೂ ಹಾಕಿಲ್ಲ, ಅಪಾ. ತಪ್ಪು ನನ್ನದು. ಕೊಡಿ, ಹರಿದು ಹಾಕ್ತೀನಿ."

"ಸುಳ್ಳು ಸಹಿನಾ?" ಕಲೀಚಾ ಎಜೆಯ ದನಿ ತಣ್ಣಗಾಯಿತು. "ಹಾಗಾದ್ರೆ ಪಾಠ ಇಲ್ಲ. ಇವತ್ತೂ ಇಲ್ಲ, ಮುಂದೂ ಇಲ್ಲ. ನಿನ್ನ ಮೇಲಿನವರಿಗೆ ನಾನೇ ಫೋನ್ ಮಾಡ್ತೀನಿ."

ಆಯಿತು, ಮುಗಿಯಿತು ಎಂದುಕೊಂಡಳು ಬೆರ್ಮೆತ್. ಆದರೆ ಒಳಗೆ ಬಾಗಿಲು ಬಡಿಯುತ್ತಿದ್ದವರು ಸುಮ್ಮನಾಗಿದ್ದರು. ಕೊಟ್ಟ ಮಾತಾದರೂ ಉಳಿಯಿತಲ್ಲ. ಪತ್ರಕ್ಕೆ ಕೈ ಚಾಚಿದಳು.

"ಹರೀಬೇಡಿ," ಎಂದಳು ಜಾರ್ಕಿನ್.

ಎಷ್ಟು ಮೆಲ್ಲಗೆ ಎಂದರೆ, ಹತ್ತಿರವಿದ್ದ ಅತ್ತೆಗಷ್ಟೇ ಮೊದಲು ಕೇಳಿಸಿ ಅವಳು ತಿರುಗಿ ನೋಡಿದಳು. ಅತ್ತೆಯೆದುರು ಸೊಸೆ ಹೀಗೆ ಮಧ್ಯೆ ಬಾಯಿ ಹಾಕಿದ್ದು ಹದಿನೈದು ವರ್ಷದಲ್ಲಿ ಇದೇ ಮೊದಲಿರಬೇಕು.

"ಅದು ನನ್ನ ಸಹಿ, ಅಮ್ಮ. ಈ ಹುಡುಗಿ ನನ್ನ ಉಳಿಸೋಕೆ ಹೇಳ್ತಿದ್ದಾಳೆ." ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. "ನಾನೇ ಬರೆದೆ. ಅಷ್ಟು ಚೆನ್ನಾಗಿ ನಾನು ಬೇರೇನೂ ಯಾವತ್ತೂ ಬರೆದಿಲ್ಲ. ನನ್ನ ಬೈಯಿರಿ, ಹೊಡೀರಿ. ಅದನ್ನ ಸುಳ್ಳು ಅನ್ಬೇಡಿ."

ಬೆರ್ಮೆತ್‌ಗೆ ಆಗ ಅರ್ಥವಾಯಿತು, ಮತ್ತು ನಾಚಿಕೆಯೂ ಆಯಿತು. ಕಾಪಾಡುತ್ತೇನೆಂದು ಹೊರಟು, ಆ ಹೆಂಗಸು ಬದುಕಿನಲ್ಲಿ ಒಂದೇ ಒಂದು ಸಲ ತಾಯಿ ಎಂದು ಬರೆದುಕೊಂಡದ್ದನ್ನು ಹರಿದುಹಾಕಲು ಅವಳು ಕೈ ಚಾಚಿದ್ದಳು.

ಸುರಾಕಾನ್ ಅಪಾ ಸೊಸೆಯನ್ನು ನೋಡಲಿಲ್ಲ. ತೆರೆದ ಬಾಗಿಲಿನ ಕಡೆ ನೋಡಿದಳು. ಸೆಜಿಮ್ ಅಷ್ಟರಲ್ಲಿ ಬೆಂಚು ಬಿಟ್ಟು ಬಂದು ಬಾಗಿಲ ಚೌಕಟ್ಟಿಗೆ ಅಂಟಿ ನಿಂತಿದ್ದಳು.

"ಕಾಗದ ನಾನು ಒಲೆ ಮುಂದೆ ಹಾಕಿದ್ದೆ. ಇವಳಿಗೆ ಯಾರು ಕೊಟ್ಟಿದ್ದು?"

"ನಾನು, ಅಪಾ," ಎಂದಳು ಸೆಜಿಮ್. "ಒಲೆಯಿಂದ ಕಿಡಿ ಬಿದ್ದು ಒಂದು ಮೂಲೆ ಹೊತ್ಕೊಂಡಿತ್ತು. ಕಾಲಲ್ಲಿ ತುಳಿದು ಆರಿಸಿ ಕೊಟ್ಟೆ."

"ಇವಳಿಗೇ ಯಾಕೆ? ನನ್ನ ಹತ್ರ ತಂದು ಅತ್ತಿದ್ರೆ ನಾನೇ ಹಾಕ್ತಿದ್ದೆನೋ ಏನೋ."

ಹುಡುಗಿ ಮತ್ತೆ ಉಗುರು ಕಚ್ಚಿದಳು.

"ಸಹಿ ಹಾಕೋ ಮೊದಲ್ನೇ ಸಾಲಲ್ಲಿ ಏನು ಬರೆದಿದೆ ಅಂತ ಓದಿದೆ," ಎಂದಳು. "ಅದಕ್ಕೇ ಜೆಂಗೆಗೆ ಕೊಟ್ಟೆ."

ಪಡಸಾಲೆಯ ಗೋಡೆಗೆ ಒಂದು ಬೆಂಚಿತ್ತು. ಅಪಾ ಅದರ ಮೇಲೆ ಕೂತಳು. ಕಾಲು ಸೋತು ಕೂತಳೋ, ಬೇಕೆಂದೇ ಕೂತಳೋ ತಿಳಿಯಲಿಲ್ಲ. ಜಾರ್ಕಿನ್ ಅಳುತ್ತಿರಲಿಲ್ಲ, ಆದರೆ ಚೀಲ ಕೈಜಾರಿ ನೆಲಕ್ಕೆ ಬಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅಪಾ ಬಗ್ಗಿ ಅದನ್ನು ತಾನೇ ಎತ್ತಿ ಪಕ್ಕಕ್ಕಿಟ್ಟುಕೊಂಡಳು. ಅದರೊಳಗಿಂದ ಕನ್ನಡಕ ತೆಗೆದು ಹಾಕಿಕೊಂಡಳು.

"ಕೊಡು ಆ ಕಾಗದ."

ಬಹಳ ಹೊತ್ತು ಓದಿದಳು. ಇದ್ದದ್ದು ಅರ್ಧ ಪುಟ.

"ಕಲೀಚಾ, ನಿನ್ನ ಪುಸ್ತಕದಲ್ಲಿ ತಾಯಿ ನಾನು ತಾನೆ?"

"ಹೌದು, ಅಪಾ."

"ಹಾಗಾದ್ರೆ ನಿನ್ನ ಪುಸ್ತಕದ ತಾಯಿ ಒಪ್ಪಿದ್ದಾಳೆ. ಪೆನ್ ಕೊಡು."

ಕಲೀಚಾ ಎಜೆಗೆ ಜೀವ ಬಂದಂತಾಯಿತು. "ಮೇಲಿನದನ್ನ ಹೊಡೆದು ಹಾಕಿ, ಪಕ್ಕದಲ್ಲಿ ನಿಮ್ಮದು ಹಾಕ್ಬಿಡಿ, ಅಪಾ," ಎಂದು ಬೆರಳಿಟ್ಟು ತೋರಿಸಿದಳು.

ಪೆನ್ನು ಮೊದಲ ಸಾಲಿನ ಮೇಲೆ ನಿಂತಿತು.

"ಹೊಡೆದು ಯಾಕೆ ಹಾಕ್ಬೇಕು?" ಎಂದಳು ಅಪಾ. "ಕೆಳಗೆ ಜಾಗ ಇದೆಯಲ್ಲ."

ತಂದೆಯ ಸಾಲನ್ನು ದಾಟಿ, ಪೋಷಕರು ಎಂದಿದ್ದ ಮೂರನೆಯ ಸಾಲಿನಲ್ಲಿ, ನಡುಗುವ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಬರೆಯುವಾಗ ಅವಳ ತುಟಿಯೂ ಅಲುಗುತ್ತಿತ್ತು. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದಳು, ಒರೆಸಿದ ಮೇಲೆ ಮತ್ತೆ ಒರೆಸಿದಳು.

"ನೀನು ಇಲ್ಲೇ ಇರು," ಎಂದಳು ಸೊಸೆಗೆ, ಮೊದಲಿನ ಗಡಸು ದನಿಯಲ್ಲೇ. "ಒಳಗೆ ಕೂತು ಕೇಳು. ಇವಳು ಮನೆಗೆ ಬಂದು ಅದೇನು ಇದೇನು ಅಂತ ಕೇಳಿದ್ರೆ ಉತ್ತರ ಯಾರು ಹೇಳ್ತಾರೆ, ನಾನಾ? ನನ್ನ ಬೆನ್ನ ಹಿಂದೆ ಓಡಿದ್ದಕ್ಕೆ ಮನೇಲಿ ಬೇರೆ ಮಾತಾಡೋಣ. ಆ ಲೆಕ್ಕ ಹಾಗೇ ಇದೆ."

ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ಈ ಸಲ ಬೆರ್ಮೆತ್‌ಗೆ.

"ಹೊಕ್ಕುಳಿನ ವಿಷಯ ಮೊದ್ಲು ಹೇಳು, ಬೀನ್ಸ್ ಕಾಳು. ಆ ದಿನ ಇವಳು ಹೊಕ್ಕುಳು ಹಿಡ್ಕೊಂಡು ಕೂತಿದ್ದನ್ನ ನಾನು ನೋಡಿದ್ದೆ. ನಗು ಬಂತು, ಬಾಗಿಲು ಹಾಕ್ಕೊಂಡು ಹೋದೆ. ಹೇಳ್ಬಹುದಿತ್ತು."

ಜಾರ್ಕಿನ್ ತರಗತಿಯ ಬಾಗಿಲಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು. ಸೆಜಿಮ್ ತನ್ನ ಬೆಂಚಿಗೆ ಹೋಗಿ ಕಿಟಕಿಯತ್ತ ಸರಿದು ಜಾಗ ಮಾಡಿದಳು. "ಇಲ್ಲಿ, ಜೆಂಗೆ," ಎಂದಳು. ಬೇರೆ ಏನೂ ಕರೆಯಲಿಲ್ಲ. ಹದಿನಾಲ್ಕು ವರ್ಷದ ನಾಲಿಗೆ ಒಂದು ಬೆಳಗ್ಗೆಗೆ ತಿರುಗುವುದಿಲ್ಲ. ಆದರೆ ಜಾರ್ಕಿನ್ ಕೂತ ಮೇಲೆ ಹುಡುಗಿ ಅವಳ ತೋಳಿಗೆ ತೋಳು ತಾಗಿಸಿಕೊಂಡೇ ಕೂತಿದ್ದಳು, ನಲವತ್ತೈದು ನಿಮಿಷವೂ.

ಬೆರ್ಮೆತ್ ಪಾಠ ಮಾಡಿದಳು. ಮನೆಮಾತಿನಲ್ಲೇ ಮಾಡಿದಳು. ಮುಖ ಬೀಟ್‌ರೂಟ್ ಆಯಿತು, ಸೀಮೆಸುಣ್ಣ ಎರಡು ಸಲ ಕೈಯಿಂದ ಬಿತ್ತು. ಹೊಕ್ಕುಳಿನಿಂದಲೇ ಶುರು ಮಾಡಿದಳು. ಹಿಂದಿನ ಸಾಲಿನಲ್ಲಿ ಮೂವರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಕಂಡು, ಈ ಊರಿನಲ್ಲಿ ಹಾಗೆ ಅಂದುಕೊಂಡವಳು ಜಾರ್ಕಿನ್ ಒಬ್ಬಳೇ ಅಲ್ಲ ಎಂದು ಅವಳಿಗೆ ಗೊತ್ತಾಯಿತು.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಸೆಜಿಮ್ ಮೇಜಿನ ಬಳಿ ಬಂದು ನಿಂತಳು.

"ಎಜೆ, ಆ ಕಾಗದ ನಿಮ್ಮ ಆಫೀಸಿಗೆ ಹೋಗುತ್ತಾ?"

"ಹೌದು. ಕಡತಕ್ಕೆ ಬೇಕು."

"ಕಡತದಲ್ಲಿ ಅದನ್ನ ಯಾರಾದ್ರೂ ನೋಡ್ತಾರಾ?"

ಯಾರೂ ನೋಡುವುದಿಲ್ಲ. ಒಂದು ಬೀರುವಿನಲ್ಲಿ ಮೂರು ವರ್ಷ ಇದ್ದು, ಆಮೇಲೆ ಎಲ್ಲಿಗೋ ಹೋಗುತ್ತದೆ. ಬೆರ್ಮೆತ್ ಕಡತ ಬಿಚ್ಚಿದಳು. ವಾರವೆಲ್ಲ ನಿದ್ದೆಗೆಡಿಸಿದ ಆ ಇಪ್ಪತ್ತನೆಯ ಹಾಳೆಯನ್ನು ತೆಗೆದು, ಸುಟ್ಟ ಮೂಲೆ ಉದುರದಂತೆ ಎರಡು ಮಡಿಕೆ ಮಾಡಿ ಹುಡುಗಿಯ ಕೈಗೆ ಕೊಟ್ಟಳು. ಸೆಜಿಮ್ ಅದನ್ನು ಕೋಟಿನ ಒಳಜೇಬಿಗೆ ಇಟ್ಟುಕೊಂಡು, ಜೇಬಿನ ಗುಂಡಿ ಹಾಕಿದಳು.

ಸೋಮವಾರ ಬುರುಲ್ ಎಜೆ ಕಚೇರಿಯಲ್ಲಿ ಪತ್ರಗಳನ್ನು ಎಣಿಸಿದಳು. "ಹುಡುಗೀರು ಇಪ್ಪತ್ತು, ಕಾಗದ ಹತ್ತೊಂಬತ್ತು. ಇನ್ನೊಂದು ಎಲ್ಲಿ?"

ಬೆರ್ಮೆತ್ ಹಳೆಯ ಚಾಳಿಯಂತೆ ಕಡತದ ದಾರವನ್ನು ಮೂರು ಸಲ ಎಳೆದು ನೋಡಿದಳು.

"ಅದು ಯಾರದೋ ಅವರ ಹತ್ರ ಇದೆ, ಎಜೆ," ಎಂದಳು.